ಚೊಂಬಿನಲ್ಲಿ ಉಳಿದ ನೀರು

ಒಟ್ಟಿಗೆ ವಾಸ ಮಾಡುವವರಿಗೆ ಮನೆ ಕಟ್ಟುವ ಬಗ್ಗೆ ಶಿರಸಿಯಲ್ಲಿ ಒಂದು ಮಳೆಗಾಲದ ಸಂಜೆ ನಾನು ಆಡಿದ ಮಾತುಗಳು ಇವು. ಬರೆಯುವಾಗ ಕೆಲವು ಕಡೆ ಕತ್ತರಿಸಿದ್ದೇನೆ. ಸಭೆಯಿಂದ ಬಂದ ಮಾತುಗಳನ್ನು ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ. ಹಿಂದಿನ ಸಾಲಿನವರಿಗೆ ಕೇಳಿಸದಿದ್ದರೆ ಕೈ ಎತ್ತಿ. ಹೆಂಚಿನ ಮಾಡು ಆಗಿದ್ದರೆ ಇಷ್ಟು ಸದ್ದು ಇರುತ್ತಿರಲಿಲ್ಲ. ಇದು ತಗಡು. ಕಟ್ಟಿಸಿದವರು ಬೇಸಿಗೆಯಲ್ಲಿ ನಿಂತು ನಿರ್ಧಾರ ಮಾಡಿದ್ದಾರೆ ಅಂತ ಕಾಣುತ್ತದೆ. ಆ ತಪ್ಪನ್ನು ನಾನೂ ಮಾಡಿದ್ದೇನೆ, ಆಮೇಲೆ ಹೇಳುತ್ತೇನೆ.

ಮೊದಲು ಒಂದು ಜಗಳದ ಕತೆ. ಬುದ್ಧನ ಕಾಲದಲ್ಲಿ ಕೋಸಂಬಿ ಅಂತ ಒಂದು ಪಟ್ಟಣ. ಅಲ್ಲಿಯ ವಿಹಾರದಲ್ಲಿ ಇಬ್ಬರು ಹಿರಿಯ ಭಿಕ್ಷುಗಳಿದ್ದರು. ಒಬ್ಬರು ನಿಯಮದಲ್ಲಿ ಪಂಡಿತರು, ಇನ್ನೊಬ್ಬರು ಧರ್ಮ ಹೇಳುವುದರಲ್ಲಿ. ಇಬ್ಬರಿಗೂ ದೊಡ್ಡ ಶಿಷ್ಯಬಳಗ. ಒಂದು ದಿನ ಧರ್ಮ ಹೇಳುವವರು ಶೌಚಕ್ಕೆ ಹೋದರು, ಚೊಂಬಿನಲ್ಲಿ ಒಂದಿಷ್ಟು ನೀರು ಉಳಿಸಿಯೇ ಹೊರಗೆ ಬಂದರು. ಅವರ ಹಿಂದೆ ಹೋದವರು ನಿಯಮದ ಪಂಡಿತರು. ನೋಡಿದರು. 'ನೀರು ಉಳಿಸಿದ್ದು ನೀವಾ?' ಅಂದರು. 'ಹೌದು, ತಪ್ಪು ಅಂತ ಗೊತ್ತಿರಲಿಲ್ಲ.' 'ಬೇಕು ಅಂತ ಮಾಡದಿದ್ದರೆ ತಪ್ಪಿಲ್ಲ ಬಿಡಿ.' ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಪಂಡಿತರು ತಮ್ಮ ಶಿಷ್ಯರ ಹತ್ತಿರ ಹೋಗಿ, ಅವರಿಗೆ ತಪ್ಪು ಮಾಡಿದ್ದೂ ಗೊತ್ತಾಗುವುದಿಲ್ಲ ಅಂದುಬಿಟ್ಟರು. ಶಿಷ್ಯರು ಶಿಷ್ಯರಿಗೆ ಹೇಳಿದರು. ಸಂಘ ಎರಡು ಹೋಳಾಯಿತು. ಬುದ್ಧ ಹೇಳಿದರೂ ಕೇಳಲಿಲ್ಲ. ಅವನು ಬೇಸತ್ತು ಪಾತ್ರೆ ಹಿಡಿದು ಒಬ್ಬನೇ ಹೊರಟ.

ಧಮ್ಮಪದದ ಹಳೆಯ ವ್ಯಾಖ್ಯಾನದಲ್ಲಿ ಈ ಕತೆ ಇದೆ. ನಾನು ಮನೆ ಕಟ್ಟಿಸುವ ಕೆಲಸದವನು, ಪಾಲಿ ಪಂಡಿತ ಅಲ್ಲ. ಆದರೆ ಇದನ್ನು ಓದಿದಾಗ ನಕ್ಕೆ. ನಮ್ಮ ಕಡೆ ಹಿಸೆ, ಅಂದರೆ ಆಸ್ತಿ ಪಾಲು, ಆಗುವಾಗ ನಡೆಯುವ ಜಗಳಗಳೂ ಹೀಗೇ ಅಲ್ವಾ? ತೋಟದ ಗಡಿ, ಬಂಗಾರ ಎಲ್ಲ ಆಮೇಲೆ. ಶುರುವಾಗುವುದು ಬಚ್ಚಲಲ್ಲಿ, ಹಂಡೆಯ ನೀರು ಖಾಲಿ ಮಾಡಿದವರು ಯಾರು ಅನ್ನುವಲ್ಲಿ.

ಕತೆಯ ಉಳಿದ ಭಾಗ ಇನ್ನೂ ಚಂದ. ಹಾಗೆ ಹೊರಟ ಬುದ್ಧ ದಾರಿಯಲ್ಲಿ ಒಂದು ವನಕ್ಕೆ ಬರುತ್ತಾನೆ. ಅಲ್ಲಿ ಅನುರುದ್ಧ, ನಂದಿಯ, ಕಿಂಬಿಲ ಅಂತ ಮೂವರು ಭಿಕ್ಷುಗಳು. ಹೇಗಿದ್ದೀರಿ, ಒಟ್ಟಿಗೆ ಹೊಂದಿಕೊಂಡಿದ್ದೀರಾ ಅಂತ ಕೇಳುತ್ತಾನೆ. ಹಾಲು ನೀರು ಬೆರೆತ ಹಾಗಿದ್ದೇವೆ ಅನ್ನುತ್ತಾರೆ. ನಾವು ಹಾಲು ಜೇನು ಅನ್ನುತ್ತೇವೆ. ಅದು ಹೇಗೆ ಸಾಧ್ಯ ಅಂತ ಬುದ್ಧ ಬಿಡದೆ ಕೇಳುತ್ತಾನೆ. ಅವರು ಮೈತ್ರಿಯ ಮಾತನ್ನೂ ಆಡುತ್ತಾರೆ. ಜೊತೆಗೆ ದಿನಚರಿ ಹೇಳುತ್ತಾರೆ. ಭಿಕ್ಷೆಯಿಂದ ಮೊದಲು ಬಂದವನು ಆಸನ ಹಾಕಿ, ಕುಡಿಯುವ ನೀರು, ಕಾಲು ತೊಳೆಯುವ ನೀರು ಇಡುತ್ತಾನೆ. ಕೊನೆಗೆ ಬಂದವನು ಉಳಿದದ್ದು ಉಂಡು, ಪಾತ್ರೆ ತೊಳೆದು, ಊಟದ ಜಾಗ ಗುಡಿಸುತ್ತಾನೆ. ಕುಡಿಯುವ ನೀರಿನದೋ, ಬಳಸುವ ನೀರಿನದೋ, ಶೌಚದ ನೀರಿನದೋ, ಯಾವ ಕೊಡ ಖಾಲಿ ಇದ್ದರೂ ಕಂಡವನು ತುಂಬುತ್ತಾನೆ. ಒಬ್ಬನಿಗೆ ಎತ್ತಲಾಗದಿದ್ದರೆ ಕೈ ಸನ್ನೆ ಮಾಡಿ ಇನ್ನೊಬ್ಬನನ್ನು ಕರೆಯುತ್ತಾನೆ. ಅದಕ್ಕಾಗಿ ಮಾತು ಆಡುವುದಿಲ್ಲ. ಐದು ದಿನಕ್ಕೊಮ್ಮೆ ರಾತ್ರಿಯಿಡೀ ಕೂತು ಧರ್ಮದ ಮಾತಾಡುತ್ತಾರೆ.

ಗಮನಿಸಿ. ಜಗಳ ಆದದ್ದು ಶೌಚದ ನೀರಿಗೆ. ಹೊಂದಿಕೊಂಡವರ ಗುಟ್ಟು ಕೇಳಿದರೆ ಅದರಲ್ಲೂ ಶೌಚದ ನೀರು ಬಂತು. ಈ ಎರಡು ಕತೆ ಮೊದಲೇ ಓದಿದ್ದರೆ ನಾನು ಒಂದು ಮಳೆಗಾಲ ಉಳಿಸಿಕೊಳ್ಳುತ್ತಿದ್ದೆ.

ನನ್ನ ಹತ್ತಿರ ಬಂದವರು ಹನ್ನೊಂದು ಮನೆಯವರು. ಕೆಲವರು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಬಿಟ್ಟವರು, ಕೆಲವರು ರಿಟೈರ್ ಆದವರು, ಇಬ್ಬರು ನಮ್ಮ ಊರ ಕಡೆಯವರೇ. ಎಲ್ಲರೂ ಬೌದ್ಧ ಧ್ಯಾನ ಮಾಡುವವರು. ಪಂಥ ಒಂದೇ ಅಲ್ಲ. ಶಿರಸಿ ತಾಲೂಕಿನಲ್ಲಿ ಹಳೆಯ ತೋಟದ ಮೇಲಿನ ದಿಬ್ಬದಲ್ಲಿ ಒಂದು ಜಾಗ ಹಿಡಿದಿದ್ದರು. ಪ್ರತಿ ಮನೆಗೂ ಅಡುಗೆಮನೆ ಬೇರೆ, ಖರ್ಚುವೆಚ್ಚ ಬೇರೆ. ಆದರೆ ಊಟದ ಮನೆ, ಧ್ಯಾನದ ಜಾಗ, ಅತಿಥಿ ಕೋಣೆ, ಉಪಕರಣದ ಶೆಡ್ ಎಲ್ಲ ಒಟ್ಟಿಗೆ. ಇಂಗ್ಲಿಷಿನಲ್ಲಿ ಇದಕ್ಕೆ ಕೋಹೌಸಿಂಗ್ ಅನ್ನುತ್ತಾರೆ. ನಾನು ಕೂಡುವಸತಿ ಅನ್ನುತ್ತೇನೆ. ಇದನ್ನು ವಿವರಿಸುವಾಗ ನನ್ನ ಜೊತೆ ಕೆಲಸ ಮಾಡುವ ಮೇಸ್ತ್ರಿ ಒಂದೇ ಮಾತಲ್ಲಿ ಮುಗಿಸಿದ. 'ಹಿಸೆ ಆದ ಮೇಲೂ ಜಗಲಿ ಒಂದೇ ಇಟ್ಟುಕೊಂಡ ಮನೆ ಇದ್ದ ಹಾಗೆ, ಅಷ್ಟೇ ಅಲ್ದಾ?' ಹೌದು, ಅಷ್ಟೇ.

ಇದು ಶುರುವಾದದ್ದು ಡೆನ್ಮಾರ್ಕಿನಲ್ಲಿ. 1964ರಲ್ಲಿ ಯಾನ್ ಗುಡ್‌ಮಂಡ್ ಹೋಯರ್ ಎಂಬ ವಾಸ್ತುಶಿಲ್ಪಿ ಗೆಳೆಯರನ್ನು ಕೂಡಿಸಿ ಕೋಪನ್‌ಹೇಗನ್ ಹೊರಗೆ ಜಾಗ ಕೊಂಡ. ನೆರೆಯವರು ಬೇಡ ಅಂದರು, ಕೆಲಸ ನಿಂತಿತು. 1967ರಲ್ಲಿ ಬೋಡಿಲ್ ಗ್ರೋ ಎಂಬ ಲೇಖಕಿ, ಮಕ್ಕಳಿಗೆ ನೂರು ಜನ ಅಪ್ಪ ಅಮ್ಮ ಇರಬೇಕು ಅಂತ ಪತ್ರಿಕೆಯಲ್ಲಿ ಬರೆದರು. ಓದಿದವರು ಒಟ್ಟು ಸೇರಿದರು. 1972ರಲ್ಲಿ ಸೆಟ್ಟೆಡಾಮೆನ್ ಎಂಬಲ್ಲಿ ಮೊದಲ ವಸತಿ ಎದ್ದಿತು. ಅವರಿಂದ ನಾನು ತೆಗೆದುಕೊಂಡದ್ದು ಮೂರು. ಕಾರು ಗೇಟಿನ ಹತ್ತಿರವೇ ನಿಲ್ಲಬೇಕು. ಒಳಗೆ ನಡೆದೇ ಹೋಗಬೇಕು. ಮತ್ತೆ ಪ್ರತಿ ಮನೆಯ ಅಡುಗೆಮನೆ ಕಿಟಕಿ ನಡೆಯುವ ದಾರಿಗೆ ತೆರೆದಿರಬೇಕು. ಪಾತ್ರೆ ತೊಳೆಯುವಾಗ ಹೋಗುವವರು ಕಾಣಬೇಕು, ಕರೆದು ಮಾತಾಡಿಸುವ ಹಾಗಿರಬೇಕು. ಇಷ್ಟು ಒಳ್ಳೆಯದು. ಆದರೆ ಡೆನ್ಮಾರ್ಕಿನವರಿಗೆ ನಮ್ಮ ಆಷಾಢ ಗೊತ್ತಿಲ್ಲ.

ನನಗಾದರೂ ಗೊತ್ತಿರಬೇಕಿತ್ತು. ಈಗ ನನ್ನ ತಪ್ಪು ಹೇಳುತ್ತೇನೆ.

ನಾನು ನಕ್ಷೆಯಲ್ಲಿ ಮೊದಲು ಬರೆದದ್ದು ಧ್ಯಾನದ ಹಾಲ್. ಬೌದ್ಧರು ಅಂದಮೇಲೆ ಧ್ಯಾನ, ಧ್ಯಾನ ಅಂದಮೇಲೆ ಹಾಲ್. ದಿಬ್ಬದ ತುದಿಯಲ್ಲಿ ಇಟ್ಟೆ. ಪಶ್ಚಿಮಕ್ಕೆ ಉದ್ದುದ್ದ ಕಿಟಕಿ, ಕೂತರೆ ಕಣಿವೆ ಕಾಣಬೇಕು, ಸೂರ್ಯ ಮುಳುಗುವುದು ಕಾಣಬೇಕು. ನೆಲಕ್ಕೆ ಕರಿ ಆಕ್ಸೈಡ್. ಚಿತ್ರ ತೆಗೆದವರೆಲ್ಲ ಹೊಗಳಿದರು. ಬಚ್ಚಲಮನೆ, ಕಟ್ಟಿಗೆ ಕೊಟ್ಟಿಗೆ, ಬಟ್ಟೆ ಒಣಗಿಸುವ ಜಾಗ ಎಲ್ಲ ಹಿಂದೆ, ಕಾಣದ ಹಾಗೆ. ಪ್ರತಿ ಮನೆಯಲ್ಲೂ ಗೀಸರ್ ಇತ್ತು. ಒಟ್ಟು ಬಚ್ಚಲು ಯಾಕೆ ಅಂತ ನಾನೇ ಕೇಳಿದ್ದೆ. ಊರ ಕಡೆಯ ಆ ಇಬ್ಬರು ಹಟ ಹಿಡಿದಿದ್ದರಿಂದ ಒಂದು ಬಚ್ಚಲು, ಒಂದು ತಾಮ್ರದ ಹಂಡೆ ಬಂತು.

ಜೂನ್ ಬಂತು. ಗಾಳಿ ಪಶ್ಚಿಮದಿಂದಲೇ ಅಲ್ವಾ ಬರುವುದು? ಎರಚಲು ನೇರ ಹಾಲಿನ ಒಳಗೆ. ಕಿಟಕಿ ಮುಚ್ಚಿದರೆ ಕತ್ತಲೆ. ಕರಿ ನೆಲ ಬೆವರಿ ಕಾಲಿಟ್ಟರೆ ಅಂಟುತ್ತಿತ್ತು. ಜುಲೈ ಹೊತ್ತಿಗೆ ಧ್ಯಾನದ ಮೆತ್ತೆಗಳಿಗೆಲ್ಲ ಬೂಷ್ಟು. ಒಂದು ಮೆತ್ತೆಯ ಅಡಿಯಲ್ಲಿ ಸಣ್ಣ ಅಣಬೆ ಎದ್ದಿತ್ತು. ಅನಿತ್ಯ ಅಂದರೆ ಇದೇ ನೋಡಿ ಅಂತ ಅವರಲ್ಲಿ ಒಬ್ಬರು ನನಗೆ ಫೋನಿನಲ್ಲಿ ಫೋಟೋ ಕಳಿಸಿದರು. ತಮಾಷೆಗೇ ಕಳಿಸಿದ್ದು. ನನಗೆ ಮಾತ್ರ ಎರಡು ದಿನ ನಿದ್ದೆ ಬರಲಿಲ್ಲ.

ನೋಡಲು ಹೋದೆ. ಕರೆಂಟ್ ಹೋಗಿ ಮೂರನೇ ದಿನ. ಗೀಸರ್ ಸುಮ್ನೆ ಗೋಡೆಗೆ ಅಲಂಕಾರ. ಹಾಲಿನಲ್ಲಿ ಒಬ್ಬರೂ ಇಲ್ಲ. ಎಲ್ಲರೂ ಹಿಂದೆ, ಬಚ್ಚಲ ಒಲೆಯ ಸುತ್ತ. ಒಬ್ಬರು ಕಟ್ಟಿಗೆ ಒಳಕ್ಕೆ ನೂಕುತ್ತಿದ್ದಾರೆ. ಮೇಲೆ ಹಗ್ಗದಲ್ಲಿ ಹನ್ನೊಂದು ಮನೆಯ ಬಟ್ಟೆ. ಇಬ್ಬರು ಮಕ್ಕಳು ಗೇರುಬೀಜ ಸುಡುತ್ತಿದ್ದಾರೆ. ಒಬ್ಬ ಹಿರಿಯರು ಬಿಸಿ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದಾರೆ. ನಿದ್ದೆಯೋ ಧ್ಯಾನವೋ, ಕೇಳಲಿಲ್ಲ. ನಾನು ಹಾಲ್ ಅಂತ ಕಟ್ಟಿದ್ದು ಅಲ್ಲಿತ್ತು. ಅವರ ಹಾಲ್ ಇಲ್ಲಿತ್ತು.

ಆಮೇಲೆ ನಾನು ವಿನಯ ಪಿಟಕ ತೆಗೆದು ಕೂತೆ. ವಿನಯ ಅಂದರೆ ಭಿಕ್ಷುಗಳ ನಿಯಮದ ಪುಸ್ತಕ. ಒಣ ನಿಯಮ ಇರುತ್ತದೆ ಅಂದುಕೊಂಡಿದ್ದೆ. ಚುಲ್ಲವಗ್ಗ ಅನ್ನುವ ಭಾಗ ಓದಿ ನೋಡಿ, ಕಟ್ಟಡದ ಕೆಲಸ ಮಾಡುವ ಯಾರಿಗೂ ಮನೆಗೆ ಬಂದ ಹಾಗೆ ಆಗುತ್ತದೆ. ಪೂರ್ತಿ ದೂರುಗಳೇ.

ವೈದ್ಯ ಜೀವಕ ಬುದ್ಧನ ಹತ್ತಿರ ಬರುತ್ತಾನೆ. ಭಿಕ್ಷುಗಳು ಒಳ್ಳೆ ಊಟ ಉಂಡು ಮೈ ಕೆಡಿಸಿಕೊಂಡಿದ್ದಾರೆ, ನಡೆದಾಡಲು ಒಂದು ಜಾಗ ಮತ್ತು ಬೆಂಕಿ ಹಾಕಿದ ಬಿಸಿ ಬಚ್ಚಲು ಕೊಡಿ ಅನ್ನುತ್ತಾನೆ. ನಡೆದಾಡುವ ಜಾಗಕ್ಕೆ ಚಂಕಮ, ಬಚ್ಚಲಿಗೆ ಜಂತಾಘರ ಅಂತ ಹೆಸರು. ಬುದ್ಧ ಒಪ್ಪುತ್ತಾನೆ. ಇಲ್ಲಿಂದ ಶುರು. ಭಿಕ್ಷುಗಳು ಏರುಪೇರಾದ ನೆಲದಲ್ಲಿ ನಡೆದರು, ಕಾಲು ನೋವು. ಬುದ್ಧನಿಗೆ ಹೇಳಿದರು. ಸಮ ಮಾಡಿಕೊಳ್ಳಿ ಅಂದ. ನೆಲ ತಗ್ಗಿನಲ್ಲಿತ್ತು, ನೀರು ನುಗ್ಗಿತು. ಎತ್ತರ ಮಾಡಿ ಅಂದ. ಏರಿಸಿದ ಮಣ್ಣು ಜರಿಯಿತು. ಇಟ್ಟಿಗೆ, ಕಲ್ಲು, ಮರ ಯಾವುದರಿಂದಲಾದರೂ ಕಟ್ಟಿ ಅಂದ. ಹತ್ತಲು ಕಷ್ಟ. ಮೆಟ್ಟಿಲು ಮಾಡಿ. ಹತ್ತುವಾಗ ಬಿದ್ದರು. ಹಿಡಿದುಕೊಳ್ಳಲು ಕಟಾಂಜನ ಹಾಕಿ. ಬಿಸಿಲು ಚಳಿ ತಾಗುತ್ತದೆ. ಮೇಲೆ ಮಾಡು ಹಾಕಿ.

ಬಚ್ಚಲಿನದು ಇನ್ನೂ ಮಜಾ. ಹೊಗೆ ತುಂಬಿತು, ಹೊಗೆ ಹೋಗಲು ಕಿಂಡಿ ಇಡಿ. ಸಣ್ಣ ಬಚ್ಚಲಿನಲ್ಲಿ ಒಲೆ ನಡುವೆ ಹಾಕಿದರೆ ಓಡಾಡಲು ಜಾಗ ಇಲ್ಲ. ಸಣ್ಣದಾದರೆ ಒಂದು ಮೂಲೆಗೆ, ದೊಡ್ಡದಾದರೆ ನಡುವೆ. ಮುಖಕ್ಕೆ ಝಳ ಹೊಡೆಯುತ್ತದೆ, ಮುಖಕ್ಕೆ ಮಣ್ಣು ಹಚ್ಚಿಕೊಳ್ಳಿ. ನೆಲ ಕೆಸರಾಯಿತು, ಕಲ್ಲು ಹಾಸಿ. ನೀರು ನಿಂತಿತು, ಚರಂಡಿ ಮಾಡಿ.

ನಾನು ಓದಿದ ಯಾವ ವಾಸ್ತುಶಿಲ್ಪದ ಪಠ್ಯದಲ್ಲೂ ಕಟ್ಟಡ ಕಟ್ಟಿದ ಮೇಲೆ ಅದರೊಳಗೆ ಇರುವವರ ಮಾತು ಕೇಳಿ ಮತ್ತೆ ತಿದ್ದುವುದನ್ನು ಇಷ್ಟು ಬಿಡಿಬಿಡಿಯಾಗಿ ಬರೆದಿಲ್ಲ. ಬುದ್ಧ ಒಮ್ಮೆಯೂ, ನಕ್ಷೆ ಸರಿಯಾಗಿಯೇ ಇತ್ತು, ನೀವು ಬಳಸಿದ್ದು ತಪ್ಪು ಅನ್ನುವುದಿಲ್ಲ. ನಮ್ಮ ಕಸುಬಿನವರು ಮೊದಲು ಹೇಳುವುದೇ ಅದು.

ಮಳೆಗಾಲದ ಮೂರು ತಿಂಗಳು ಭಿಕ್ಷುಗಳು ಒಂದೇ ಕಡೆ ನಿಲ್ಲುತ್ತಾರೆ, ಅದು ವರ್ಷಾವಾಸ. ನಮ್ಮ ಮಠಗಳ ಚಾತುರ್ಮಾಸ್ಯ ನಿಮಗೆ ಗೊತ್ತೇ ಇದೆ. ಆ ನಿಯಮ ಬಂದದ್ದೂ ಜನರ ದೂರಿನಿಂದಲೇ. ಮಳೆಯಲ್ಲಿ ಓಡಾಡಿ ಹಸಿರು ಹುಲ್ಲು, ಸಣ್ಣ ಜೀವಗಳನ್ನೆಲ್ಲ ತುಳಿಯುತ್ತಾರೆ ಅಂತ ಜನ ಬೈದರು. ಇದು ನಮ್ಮ ದಿಬ್ಬದಲ್ಲಿ ಪಕ್ಕಾ ಉಪಯೋಗಕ್ಕೆ ಬಂತು. ಸಮಸ್ಯೆ ಉಂಬಳದ್ದು, ಅಂದರೆ ರಕ್ತ ಹೀರುವ ಜಿಗಣೆಯದ್ದು. ಬೆಂಗಳೂರಿನವರೊಬ್ಬರು ಉಂಬಳಕ್ಕೆ ಉಪ್ಪು, ಸುಣ್ಣ ಹಾಕಲು ಒಪ್ಪುತ್ತಿರಲಿಲ್ಲ, ಪ್ರಾಣಿಹಿಂಸೆ ಅಂತ. ಕಾಲಿನಿಂದ ಮೆಲ್ಲಗೆ ಬಿಡಿಸಿ ಹುಲ್ಲಿಗೆ ಬಿಡುತ್ತಿದ್ದರು. ಅದು ಐದು ನಿಮಿಷದಲ್ಲಿ ಇನ್ನೊಬ್ಬರ ಕಾಲು ಹತ್ತುತ್ತಿತ್ತು. ಇದರ ಮೇಲೆ ಎರಡು ಮೀಟಿಂಗ್ ಆಗಿದೆ ಅಂದರೆ ನೀವು ನಂಬಬೇಕು. ನಾನು ಹೇಳಿದೆ, ಚಂಕಮ ಕಟ್ಟೋಣ. ಗೇಟಿನಿಂದ ಬಚ್ಚಲವರೆಗೆ, ಬಚ್ಚಲಿನಿಂದ ಎಲ್ಲ ಮನೆಗಳ ಮುಂದೆ ಹಾದು, ಕೆಂಪುಕಲ್ಲಿನ ಎರಡಡಿ ಎತ್ತರದ ದಾರಿ. ಮೇಲೆ ಹೆಂಚು. ಅಗಲ ಆರಡಿ, ಎದುರುಬದುರು ಬಂದವರು ಕೊಡೆ ಮಡಚದೆ ದಾಟುವಷ್ಟು. ಮಾಡಿನ ಅಂಚು ದಾರಿಯಿಂದ ಮೂರಡಿ ಹೊರಗೆ. ಪಶ್ಚಿಮದ ಕಡೆ ಮೇ ತಿಂಗಳಲ್ಲಿ ಸೋಗೆ ತಟ್ಟಿ ಕಟ್ಟುತ್ತಾರೆ, ದೀಪಾವಳಿಗೆ ಬಿಚ್ಚುತ್ತಾರೆ. ನಮ್ಮಜ್ಜನ ಮನೆಯಲ್ಲಿ ಮಾಡುತ್ತಿದ್ದದ್ದೇ, ಹೊಸದೇನಿಲ್ಲ. ಉಂಬಳ ಹುಲ್ಲಲ್ಲಿ, ಮನುಷ್ಯರು ಕಟ್ಟೆಯ ಮೇಲೆ. ಬೆಳಿಗ್ಗೆ ನಡೆಯುವ ಧ್ಯಾನವೂ ಅಲ್ಲೇ. ಹಾಲು ತರಲು ಹೋಗುವವರು ಪಕ್ಕದಲ್ಲೇ ದಾಟುತ್ತಾರೆ. ಯಾರಿಗೂ ತೊಂದರೆ ಇಲ್ಲ.

ಈಗ ಅಡಿಕೆ ಸುಲಿಯುವುದನ್ನು ನೆನಪು ಮಾಡಿಕೊಳ್ಳಿ. ಇಲ್ಲಿ ಕೂತವರಲ್ಲಿ ಅರ್ಧ ಜನ ಮೆಟ್ಟುಗತ್ತಿಯ ಮೇಲೆ ಕೂತವರೇ ಇರಬೇಕು. ರಾತ್ರಿ ಊಟ ಆದ ಮೇಲೆ ಜಗಲಿಯಲ್ಲಿ ದೀಪ, ನಡುವೆ ಗೊನೆಯ ರಾಶಿ, ಸುತ್ತ ಹತ್ತು ಹನ್ನೆರಡು ಜನ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ, ಬಾಯಿಗೆ ಬಿಡುವು. ಯಕ್ಷಗಾನದ ಸುದ್ದಿ, ಸಂಬಂಧದ ಸುದ್ದಿ, ಪಕ್ಕದ ಮನೆಯ ಕೊಳೆರೋಗದ ಸುದ್ದಿ. ಮಾತಾಡೋಣ ಬನ್ನಿ ಅಂತ ಕರೆದು ಕೂರಿಸಿದ್ದರೆ ಅಷ್ಟು ಮಾತು ಬರುತ್ತಿತ್ತಾ? ಜಗಲಿಯ ಅಳತೆ ಬಂದದ್ದೂ ಆ ಕೆಲಸದಿಂದ. ಕಾಲು ಚಾಚಿ ಕೂರಬೇಕು, ಬೆನ್ನಿಗೆ ಗೋಡೆ ಸಿಗಬೇಕು, ಅಂಗಳದಿಂದ ಹೇರು ನೇರ ಒಳಗೆ ಬರಬೇಕು, ಕವಳದ ತಬಕು ಎಲ್ಲರ ಕೈಗೂ ಎಟುಕಬೇಕು.

ಅದಕ್ಕೇ ಈಗ ನಾನು ಕೂಡುವಸತಿಯವರು ಬಂದರೆ ಕೇಳುವ ಮೊದಲ ಪ್ರಶ್ನೆ, ನೀವು ಒಟ್ಟಿಗೆ ಮಾಡುವ ಕೆಲಸ ಯಾವುದು. ಧ್ಯಾನ ಅನ್ನುತ್ತಾರೆ. ಅದಲ್ಲ, ಕೈ ಕೊಳೆಯಾಗುವ ಕೆಲಸ ಯಾವುದು ಅನ್ನುತ್ತೇನೆ. ತರಕಾರಿ ಹೆಚ್ಚುವುದು, ಬಟ್ಟೆ ಒಣಗಿಸುವುದು, ಕಟ್ಟಿಗೆ ಒಡೆಯುವುದು, ಕಸ ಬೇರೆ ಮಾಡುವುದು. ಅದರ ಜಾಗ ಮೊದಲು ಬರೆಯುತ್ತೇವೆ, ಒಳ್ಳೆಯ ಬೆಳಕು, ಒಳ್ಳೆಯ ಗಾಳಿ ಅದಕ್ಕೇ ಕೊಡುತ್ತೇವೆ. ಧ್ಯಾನದ ಕೋಣೆ ಕೊನೆಗೆ. ಕಣ್ಣು ಮುಚ್ಚಿ ಕೂರುವವರಿಗೆ ಕಣಿವೆಯ ನೋಟ ಯಾಕೆ ಬೇಕು ಹೇಳಿ?

ಈ ಮಾತಿಗೆ ಸಭೆಯಲ್ಲಿ ಒಬ್ಬರು ಕೈ ಎತ್ತಿದರು. 'ಸರ್, ಬೌದ್ಧರು ಅಂದರೆ ಶಾಂತಿ. ನೀವು ಹೇಳುವುದು ನೋಡಿದರೆ ಸಂತೆ ಆಗ್ತದೆ.'

ಒಳ್ಳೆಯ ಪ್ರಶ್ನೆ. ಉತ್ತರಕ್ಕೆ ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲೇ ಮುಂಡಗೋಡ ಇದೆ. 1966ರಿಂದ ಅಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಗಂದೆನ್ ಮತ್ತು ಡ್ರೆಪುಂಗ್ ಅಂತ ಲಾಸಾದ ಕಡೆಯ ಎರಡು ಮಹಾವಿಹಾರಗಳು ಮತ್ತೆ ಎದ್ದು ನಿಂತದ್ದು ಅಲ್ಲಿ. ಅದಕ್ಕೆ ಮೊದಲು ಆ ಭಿಕ್ಷುಗಳು ಬಂಗಾಳದ ಬಕ್ಸಾದಲ್ಲಿ, ಬ್ರಿಟಿಷರ ಹಳೆಯ ಸೆರೆಮನೆಯಲ್ಲಿ ದಿನ ಕಳೆದಿದ್ದರು. ಲಾಮಾ ಕ್ಯಾಂಪಿಗೆ ಸಂಜೆ ಹೊತ್ತಿಗೆ ಹೋಗಿ ನೋಡಿ. ಚರ್ಚೆಯ ಅಂಗಳದಲ್ಲಿ ನೂರಾರು ಭಿಕ್ಷುಗಳು. ಒಬ್ಬ ಕೂತಿರುತ್ತಾನೆ, ಇನ್ನೊಬ್ಬ ನಿಂತು ಪ್ರಶ್ನೆ ಹಾಕುತ್ತಾನೆ. ಪ್ರಶ್ನೆ ಹಾಕುವಾಗ ಕಾಲು ಅಪ್ಪಳಿಸಿ, ಚಟ್ ಅಂತ ಕೈ ತಟ್ಟುತ್ತಾನೆ. ಇಡೀ ಅಂಗಳ ಹಾಗೆ. ಮೊದಲ ಸಲ ನೋಡಿದವರಿಗೆ ಹೊಡೆದಾಟ ನಡೆದಿದೆ ಅನ್ನಿಸುತ್ತದೆ. ಅವರಿಗೆ ಅದು ಓದು. ಹಾಗಾಗಿ ಬೌದ್ಧರ ಜಾಗ ಅಂದಕೂಡಲೇ ಪಿಸುಮಾತು ಅಂದುಕೊಳ್ಳಬೇಡಿ. ಸದ್ದಿನ ಜಾಗ, ಸುಮ್ಮನಿರುವ ಜಾಗ ಎರಡೂ ಬೇಕು, ನಡುವೆ ದೂರ ಬೇಕು.

ಮುಂಡಗೋಡದಲ್ಲಿ ಕಲಿಯಬೇಕಾದ್ದು ಇನ್ನೂ ಒಂದಿದೆ. ವಿಹಾರ ದೊಡ್ಡದು, ಆದರೆ ಭಿಕ್ಷುಗಳು ಆ ದೊಡ್ಡದರೊಳಗೆ ಕಳೆದುಹೋಗುವುದಿಲ್ಲ. ವಿಹಾರದೊಳಗೆ ಕಾಲೇಜುಗಳು, ಕಾಲೇಜಿನೊಳಗೆ ಖಂಗ್‌ತ್ಸೆನ್ ಅನ್ನುವ ಮನೆಗಳು. ಟಿಬೆಟಿನ ಯಾವ ಪ್ರಾಂತ್ಯದಿಂದ ಬಂದಿದ್ದೀರಿ ಅನ್ನುವುದರ ಮೇಲೆ ನಿಮ್ಮ ಮನೆ. ಹೊಸ ಹುಡುಗ ಬಂದರೆ ಅವನ ಭಾಷೆಯ ಒಗ್ಗರಣೆ ಅರ್ಥ ಆಗುವವರು ಅಲ್ಲಿರುತ್ತಾರೆ. ಹನ್ನೊಂದು ಮನೆಗೆ ಇಷ್ಟೆಲ್ಲ ಬೇಡ. ಮೂವತ್ತು ನಲವತ್ತು ಮನೆ ಮಾಡಲು ಹೊರಟವರು ಮಾತ್ರ ಇದನ್ನು ನೋಡಿ ಬರಬೇಕು.

ಯಾರ ಪಕ್ಕ ಯಾರು ಇರಬೇಕು ಅನ್ನುವುದಕ್ಕೂ ಹಳೆಯ ಕತೆ ಇದೆ. ದಬ್ಬ ಮಲ್ಲಪುತ್ತ ಅಂತ ಒಬ್ಬ ಭಿಕ್ಷು. ಬಂದವರಿಗೆ ಕೋಣೆ ಹಂಚುವುದು ಅವನ ಕೆಲಸ. ಸೂತ್ರ ಹೇಳಿಕೊಳ್ಳುವವರನ್ನು ಒಂದು ಕಡೆ ಹಾಕುತ್ತಿದ್ದ, ನಿಯಮದ ಚರ್ಚೆ ಮಾಡುವವರನ್ನು ಇನ್ನೊಂದು ಕಡೆ, ಧ್ಯಾನಿಗಳನ್ನು ಬೇರೆ ಕಡೆ. ಊರ ಸುದ್ದಿ ಹೊಡೆಯುವವರು, ಮೈ ಬೆಳೆಸಿಕೊಂಡು ಇರುವವರು ಅಂತಲೂ ಒಂದು ಗುಂಪಿತ್ತು. ಅವರನ್ನು ಹೊರಗೆ ಹಾಕಲಿಲ್ಲ. ಅವರಿಗೂ ಒಂದು ಕಡೆ ಕೊಟ್ಟ, ಇವರೂ ಖುಷಿಯಾಗಿರಲಿ ಅಂತ. ರಾತ್ರಿ ತಡವಾಗಿ ಬಂದವರಿಗೆ ತನ್ನ ಬೆರಳನ್ನೇ ದೀಪದ ಹಾಗೆ ಉರಿಸಿ ದಾರಿ ತೋರಿಸುತ್ತಿದ್ದನಂತೆ. ಹೆಸ್ಕಾಂ ಕರೆಂಟ್ ಇಲ್ಲದ ಕಾಲ. ನಮ್ಮಲ್ಲೂ ಗೇಟಿನ ಹತ್ತಿರದ ಎರಡು ಮನೆ ಮಕ್ಕಳಿರುವವರಿಗೆ, ಮಾತು ಜಾಸ್ತಿ ಇರುವವರಿಗೆ. ದಿಬ್ಬದ ಮೇಲಿನ ಮೂರು ಮನೆ ಸುಮ್ಮನಿರುವವರಿಗೆ. ಇದನ್ನು ಅವರೇ ಕೂತು ಹಂಚಿಕೊಂಡರು. ನಾನು ಬಾಯಿ ಹಾಕಲಿಲ್ಲ.

ಊಟದ ಮನೆ ಬಗ್ಗೆ ಕಾರವಾರದಿಂದ ಬಂದವರೊಬ್ಬರು ಕೇಳಿದರು. 'ಮೀನು ಉಂಟಾ ಇಲ್ವಾ?' ಎಲ್ಲರೂ ನಕ್ಕರು. ನನಗೂ ಅದು ನಗುವ ವಿಷಯ ಅಲ್ಲ ಅಂತ ಗೊತ್ತು. ಕರಾವಳಿಯಲ್ಲಿ ಕೂಡುವಸತಿ ಕಟ್ಟುವವರು ಮೊದಲ ಮೀಟಿಂಗಿನಲ್ಲೇ ಇದನ್ನು ತೀರ್ಮಾನ ಮಾಡಬೇಕು. ಬೌದ್ಧರೆಲ್ಲ ಸಸ್ಯಾಹಾರಿಗಳು ಅನ್ನುವುದು ತಪ್ಪು ತಿಳುವಳಿಕೆ. ಟಿಬೆಟನ್ನರು ಮಾಂಸ ತಿನ್ನುತ್ತಾರೆ. ನಮ್ಮ ಗುಂಪಿನಲ್ಲಿ ಒಟ್ಟು ಅಡುಗೆಮನೆ ಸಸ್ಯಾಹಾರ, ಅವರವರ ಮನೆಯಲ್ಲಿ ಅವರವರ ಇಷ್ಟ. ಆದರೆ ಗಾಳಿ ಯಾವ ಕಡೆ ಬೀಸುತ್ತದೆ ನೋಡಿಕೊಳ್ಳಿ. ಬಂಗಡೆ ಹುರಿದ ವಾಸನೆ ಧ್ಯಾನದ ಕೋಣೆಗೆ ಹೋದರೆ ಕೆಲವರಿಗೆ ಸಿಟ್ಟು, ಕೆಲವರಿಗೆ ಹಸಿವು. ಎರಡೂ ಧ್ಯಾನಕ್ಕೆ ಅಡ್ಡಿಯೇ. ಕರಾವಳಿಯಲ್ಲಿ ನೀರಿನ ಮಾತೂ ಬೇರೆ. ಒಂದೇ ಬಾವಿಯಿಂದ ಹತ್ತು ಪಂಪು ಎಳೆದರೆ ಬೇಸಿಗೆಯಲ್ಲಿ ಉಪ್ಪು ಬರುತ್ತದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ ಕಾರವಾರದಲ್ಲೂ ಏಪ್ರಿಲ್‌ನಲ್ಲಿ ಕೊಡ ಹಿಡಿದು ನಿಂತದ್ದು ನೋಡಿದ್ದೇನೆ.

ನೀರು ಅಂದಾಗ ಬನವಾಸಿ ಹೇಳದೆ ಮುಂದೆ ಹೋಗಲಾರೆ. ಅಶೋಕನ ಕಾಲದಲ್ಲಿ ರಕ್ಖಿತ ಎಂಬ ಭಿಕ್ಷುವನ್ನು ವನವಾಸಿಗೆ ಕಳಿಸಿದ ಸುದ್ದಿ ಸಿಂಹಳದ ಮಹಾವಂಸದಲ್ಲಿದೆ. ಮಧುಕೇಶ್ವರ ದೇವಸ್ಥಾನದಲ್ಲಿ ಐದು ಹೆಡೆಯ ನಾಗನ ಕಲ್ಲನ್ನು ನೀವೆಲ್ಲ ನೋಡಿದ್ದೀರಿ. ಅದರ ಅಂಚಿನಲ್ಲಿ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತದಲ್ಲಿ ಬರೆದಿದೆ. ಚುಟು ಅರಸನ ಮಗಳು ಶಿವಸ್ಕಂದನಾಗಶ್ರೀ ಕೊಟ್ಟ ದಾನದ ಶಾಸನ ಅದು. ಕೊಟ್ಟದ್ದು ಒಂದು ನಾಗ, ಒಂದು ಕೆರೆ, ಒಂದು ವಿಹಾರ. ಆ ರಾಜಕುಮಾರಿಗೆ ವಿಹಾರವನ್ನಷ್ಟೇ ಕೊಟ್ಟರೆ ಸಾಲದು ಅಂತ ಗೊತ್ತಿತ್ತು. ಕೆರೆಯೂ ಬೇಕು. ನಾನು ಹಾಲಿನ ನೆಲಕ್ಕೆ ಬಣ್ಣ ಆರಿಸುತ್ತ ಕೂತಿದ್ದೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಕೃಷಿ ಜಮೀನಾದರೆ ಮೊದಲು ಎನ್‌ಎ, ಅಂದರೆ ಕೃಷಿಯೇತರ, ಮಾಡಿಸಿ. 1959ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ಸೊಸೈಟಿ ಮಾಡುತ್ತೀರೋ, 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಹೋಗುತ್ತೀರೋ, ಒಳ್ಳೆ ವಕೀಲರನ್ನು ಕೇಳಿ. ನನ್ನನ್ನು ಕೇಳಬೇಡಿ. ಒಂದು ಮಾತ್ರ ಹೇಳಿಬಿಡುತ್ತೇನೆ. ಸಂಘದ ಗಡಿಗೆ ಬೌದ್ಧರು ಸೀಮೆ ಅನ್ನುತ್ತಾರೆ. ಅದರ ಗುರುತುಗಳು ಎಂಟು: ಬೆಟ್ಟ, ಬಂಡೆ, ಕಾಡು, ಮರ, ದಾರಿ, ಹುತ್ತ, ಹೊಳೆ, ನೀರು. ನಮ್ಮ ಪತ್ರಗಳ ಚಕ್ಕುಬಂದಿ ಓದಿದ ಹಾಗೇ ಇದೆ, ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಹುತ್ತ. ಆ ಸೀಮೆಯೊಳಗೆ ಇರುವವರೆಲ್ಲ ಹದಿನೈದು ದಿನಕ್ಕೊಮ್ಮೆ ಸೇರಲೇಬೇಕು. ಕಾಯಿಲೆಯಾದವನು ಬರಲಾಗದಿದ್ದರೆ ಇನ್ನೊಬ್ಬನ ಕೈಲಿ ಒಪ್ಪಿಗೆ ಹೇಳಿಕಳಿಸಬೇಕು. ಬಾರದವನ ಬೆನ್ನ ಹಿಂದೆ ತೀರ್ಮಾನ ಇಲ್ಲ. ನಮ್ಮವರು ಹುಣ್ಣಿಮೆ, ಅಮಾವಾಸ್ಯೆಗೆ ಸೇರುತ್ತಾರೆ.

ಕಾಯಿಲೆ ಅಂದೆ. ಒಮ್ಮೆ ಬುದ್ಧ ವಿಹಾರ ನೋಡುತ್ತ ಹೋಗುವಾಗ ಒಬ್ಬ ಭಿಕ್ಷು ಆಮಶಂಕೆಯಾಗಿ ತನ್ನ ಹೊಲಸಿನಲ್ಲೇ ಬಿದ್ದಿದ್ದ. ಯಾರೂ ನೋಡಿಕೊಂಡಿರಲಿಲ್ಲ. ಬುದ್ಧನೂ ಅವನ ಶಿಷ್ಯ ಆನಂದನೂ ನೀರು ತಂದು ಅವನನ್ನು ತೊಳೆದು, ಎತ್ತಿ ಹಾಸಿಗೆಯಲ್ಲಿ ಮಲಗಿಸಿದರು. ಇದನ್ನು ಓದಿದ ಮೇಲೆ ನಕ್ಷೆಗೆ ಒಂದು ಕೋಣೆ ಸೇರಿಸಿದೆ. ಬಚ್ಚಲಿಗೆ ಅಂಟಿಕೊಂಡೇ ಇದೆ, ನಡುವೆ ಹೊಸ್ತಿಲಿಲ್ಲ, ಮೆಟ್ಟಿಲಿಲ್ಲ. ಮಂಚದ ಮೂರು ಕಡೆ ಜಾಗ ಇದೆ, ಇಬ್ಬರು ನಿಂತು ಎತ್ತಲು. ಕಿಟಕಿ ಒಟ್ಟು ಅಡುಗೆಮನೆ ಕಡೆಗೆ. ಮೊದಲು ಅಲ್ಲಿ ಮಲಗಿದವರು ಮೊಣಕಾಲು ಆಪರೇಷನ್ ಆದ ಒಬ್ಬ ಟೀಚರಮ್ಮ. ಮೂರು ವಾರ ಇದ್ದರು. ಬೇಜಾರು ಬಂತಾ ಅಂತ ಕೇಳಿದೆ. 'ಬೇಜಾರಾ? ಸಾರಿಗೆ ಉಪ್ಪು ಎಷ್ಟು ಹಾಕ್ಬೇಕು ಅಂತ ಕಿಟಕಿಯಿಂದ ನಾನೇ ಹೇಳ್ತಿದ್ದೆ' ಅಂದರು. ಅಡುಗೆಯವರನ್ನು ಕೇಳಿದರೆ ಬೇರೆ ಉತ್ತರ ಬರಬಹುದು.

ಹಾಲ್ ಏನಾಯಿತು ಅಂತ ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ಬೇಸಿಗೆಯಲ್ಲಿ ಬಳಸುತ್ತಾರೆ. ನವೆಂಬರ್‌ನಿಂದ ಮೇವರೆಗೆ ಚಂದವೇ ಇದೆ. ಮಳೆಗಾಲಕ್ಕೆ ಬಚ್ಚಲ ಒಲೆಯ ಗೋಡೆಯ ಆ ಬದಿಗೆ ಬೇರೊಂದು ಕೋಣೆ ಕಟ್ಟಿದೆವು. ಇಪ್ಪತ್ತು ಜನ ಕೂರಬಹುದು. ಕಿಟಕಿ ಸಣ್ಣದು, ಪೂರ್ವಕ್ಕೆ. ಒಲೆಯ ಗೋಡೆ ರಾತ್ರಿಯವರೆಗೂ ಬೆಚ್ಚಗಿರುತ್ತದೆ. ಮೆತ್ತೆಗಳನ್ನು ಆ ಗೋಡೆಗೆ ಒರಗಿಸಿ ಇಡುತ್ತಾರೆ, ಬೂಷ್ಟು ಇಲ್ಲ. ಬಟ್ಟೆ ಒಣಗಿಸಲು ಮೇಲೆ ಅಟ್ಟ, ಅಡಿಕೆ ದಬ್ಬೆ ಹಾಸಿದ್ದು, ಕೆಳಗಿನ ಬಿಸಿ ಸಂದಿಯಿಂದ ಮೇಲೆ ಹೋಗುತ್ತದೆ. ಧ್ಯಾನಕ್ಕೆ ಕೂತವರಿಗೆ ಆಚೆಯಿಂದ ಚೊಂಬಿನ ಸದ್ದು, ಕಟ್ಟಿಗೆ ಚಟಪಟ ಕೇಳುತ್ತಿರುತ್ತದೆ. ಮೊದಮೊದಲು ಒಬ್ಬಿಬ್ಬರು ದೂರು ಹೇಳಿದರು. ಈಗ ಹೇಳುವುದಿಲ್ಲ.

ಕೊನೆಯ ಪ್ರಶ್ನೆ ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿಯದು. ಎಂಬತ್ತು ದಾಟಿರಬೇಕು. ಮೈಕ್ ಬೇಡ ಅಂದರು.

'ತಮಾ, ಆ ಹಂಡೆ ಎಷ್ಟು ಕೊಡದ್ದು?'

'ಹನ್ನೆರಡು ಕೊಡದ್ದು ಅಜ್ಜಿ.'

'ಹನ್ನೊಂದು ಮನಿಗೆ?'

'ಹೌದು.'

'ಸಾಕಾಗ್ತಿಲ್ಲೆ. ಮಳೆಗಾಲದಲ್ಲಿ ಎಣ್ಣೆಸ್ನಾನ ಇದ್ದ ದಿನ ಎಂತ ಮಾಡ್ತ?'

ಸಭೆ ನಕ್ಕಿತು. ನಾನು ಫೋನ್ ಮಾಡಿ ವಿಚಾರಿಸಿದೆ. ಭಾನುವಾರ ಬೆಳಿಗ್ಗೆ ಕೊನೆಗೆ ಹೋದವರಿಗೆ ತಣ್ಣೀರೇ ಅಂತೆ, ಎರಡು ವರ್ಷದಿಂದ. ಸಂಕೋಚಕ್ಕೆ ಯಾರೂ ಹೇಳಿರಲಿಲ್ಲ. ಎರಡನೇ ಹಂಡೆ ಹೋದ ವಾರ ಬಂತು. ಅದಕ್ಕೆ ಒಲೆ ಎಲ್ಲಿ ಹಾಕುವುದು ಅಂತ ಮೇಸ್ತ್ರಿಯೂ ನಾನೂ ನಾಳೆ ಹೋಗಿ ನೋಡಬೇಕು.